ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಿಮ್ಮ ಮನೇಲಿ ಟಿವಿಗೆ ಹಾಕೋ ವಿಡಿಯೋ ಗೇಮ್ ಇತ್ತಾ? ಇದ್ದಿದ್ರೆ ಒಂದೇ ಒಂದು ಪ್ರಶ್ನೆ: ಎರಡನೇ ರಿಮೋಟು ಯಾರ ಕೈಯಲ್ಲಿರ್ತಿತ್ತು? ಕಂಟ್ರೋಲರ್ ಅನ್ನೋ ಪದವೆಲ್ಲ ನಮಗೆ ಕಾಲೇಜು ಸೇರೋ ಹೊತ್ತಿಗೆ ಬಂದದ್ದು. ಆಗ ಅದು ರಿಮೋಟೇ, ಮೇಲಿಂದ ಸಿಕ್ಕಿಸೋ ಕಾರ್ಟ್ರಿಡ್ಜು ಕ್ಯಾಸೆಟ್ಟೇ. ಗೇಮ್ ಬರ್ಲಿಲ್ಲ ಅಂದ್ರೆ ಕ್ಯಾಸೆಟ್ಟಿಗೆ ಉಫ್ ಅಂತ ಊದಿ ಮತ್ತೆ ಹಾಕೋದು. ನಮ್ಮ ಟ್ರಬಲ್‌ಶೂಟಿಂಗ್ ಅಷ್ಟೇ.

ನಮ್ಮ ಅಜ್ಜಿ ಮನೆ ಇರೋದು ನಾಗಮಂಗಲದಲ್ಲಿ. ಸೌಮ್ಯಕೇಶವ ದೇವಸ್ಥಾನದಿಂದ ನಡ್ಕೊಂಡು ಹೋಗೋ ಅಷ್ಟು ದೂರ. ಬೇಸಿಗೆ ರಜೆ ಬಂತು ಅಂದ್ರೆ ಮೊಮ್ಮಕ್ಕಳೆಲ್ಲ ಅಲ್ಲೇ ಠಿಕಾಣಿ. ನಾನು ಐದನೇ ಕ್ಲಾಸಲ್ಲಿದ್ದಾಗ ಮಾವ ಬೆಂಗಳೂರಿನ ಎಸ್.ಪಿ. ರೋಡಿಂದ ಒಂದು ಗೇಮ್ ತಂದುಕೊಟ್ಟರು. ಕ್ಯಾಸೆಟ್ ಮೇಲೆ '9999 ಇನ್ 1' ಅಂತ ದೊಡ್ಡದಾಗಿ ಬರೆದಿತ್ತು. ಒಳಗೆ ಇದ್ದದ್ದು ಒಂದಿಪ್ಪತ್ತು ಆಟ, ಅವೇ ಬೇರೆ ಬೇರೆ ನಂಬರಿನಲ್ಲಿ ಸುತ್ತಿ ಸುತ್ತಿ ಬರೋವು. ರಿಮೋಟು ಮಾತ್ರ ನಿಜವಾಗಲೂ ಎರಡಿದ್ದವು.

ಒಂದು ನಂದು. ಇನ್ನೊಂದು ಚಿಕ್ಕಮ್ಮನ ಮಗನದ್ದು. ನನಗಿಂತ ನಾಲ್ಕು ವರ್ಷ ಚಿಕ್ಕೋನು. ಅವನಿಗೆ ಆಡೋಕೆ ಬರ್ತಿರಲಿಲ್ಲ, ಆದ್ರೆ ರಿಮೋಟು ಕೊಡದಿದ್ರೆ ಅಳು. ಅಳು ಕೇಳಿದ್ರೆ ಅಜ್ಜಿ ಬಂದು ಟಿವಿನೇ ಆಫ್ ಮಾಡೋರು. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡೆ. ರೋಡ್ ಫೈಟರ್ ಅಂತ ಒಂದು ಕಾರಿನ ಆಟ, ಕೊನಾಮಿ ಕಂಪನಿಯವರು 1984ರಲ್ಲಿ ಮಾಡಿದ್ದು. ನಾವು ಓಡಿಸೋದು ಕೆಂಪು ಕಾರು. ದಾರಿಯುದ್ದಕ್ಕೂ ಹಳದಿ ಕಾರುಗಳು ಸಿಗ್ತಾವೆ. ಅದು ಒಬ್ಬರೇ ಆಡೋ ಆಟ. ಎರಡನೇ ರಿಮೋಟಿಗೆ ಅಲ್ಲಿ ಕೆಲಸವೇ ಇಲ್ಲ.

"ಅಣ್ಣ, ನಂದು ಯಾವ್ದಣ್ಣ?"

"ಆ ಹಳದಿ ಕಾರು ಕಣ್ಲಾ. ಒತ್ತು, ಜೋರಾಗಿ ಒತ್ತು."

ಅವನು ಒತ್ತಿದ. ಎರಡು ಬೇಸಿಗೆ ಒತ್ತಿದ. ನಾಲಿಗೆ ಹೊರಗೆ ಹಾಕ್ಕೊಂಡು, ತಿರುವಿನಲ್ಲಿ ಮೈನೂ ರಿಮೋಟಿನ ಜೊತೆ ವಾಲಿಸ್ಕೊಂಡು ಒತ್ತಿದ. ಒಂದು ಹಳದಿ ಕಾರು ಹಿಂದೆ ಬಿದ್ದರೆ "ನೀನು ಸತ್ತೆ, ಇಗೋ ಮುಂದಿಂದು ನಿಂದು" ಅಂತಿದ್ದೆ. ಅಕ್ಕ ಬಾಗಿಲಲ್ಲಿ ನಿಂತು ನಗ್ತಿದ್ದಳು. ಅಕ್ಕನಿಗೆ ಆ ಸುಳ್ಳು ರಿಮೋಟು ಕೂಡ ಯಾವತ್ತೂ ಕೊಡಲಿಲ್ಲ ಅನ್ನೋದು ಈಗ ಇದನ್ನ ಬರೆಯೋವಾಗ ಹೊಳೀತಿದೆ.

ನಮ್ಮ ಕಡೆ ಇದಕ್ಕೊಂದು ಮಾತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಲಗೋರಿಯಲ್ಲೋ ಕುಂಟೆಬಿಲ್ಲೆಯಲ್ಲೋ ಚಿಕ್ಕೋರು ಹಠ ಮಾಡಿದ್ರೆ ಹೀಗಂತ ಹೇಳಿ ಸೇರಿಸ್ಕೋತಾರೆ. ಅವರು ಔಟಾದ್ರೂ ಔಟಲ್ಲ, ಗೆದ್ದರೂ ಪಾಯಿಂಟಿಲ್ಲ. ಅದರಲ್ಲಿ ಒಂದು ಅಕ್ಕರೆ ಇದೆ. ಯಾಕಂದ್ರೆ ಅಲ್ಲಿ ಎಲ್ಲರಿಗೂ ಗೊತ್ತಿರತ್ತೆ, ಆ ಮಗುವಿಗೂ ಗೊತ್ತಿರತ್ತೆ. ಅದು ನಿಜವಾಗಲೂ ಓಡುತ್ತೆ, ಚೆಂಡು ನಿಜವಾಗಲೂ ಅದರ ಕೈಗೆ ಬರುತ್ತೆ. ನಾನು ಮಾಡಿದ್ದು ಅದಲ್ಲ. ನಾನು ರಿಮೋಟು ಕೊಟ್ಟು ಆಟ ಕೊಡಲಿಲ್ಲ.

ಈ ಲೇಖನದ ಮಾತು ಇಷ್ಟೇ. ಕಂಟ್ರೋಲರ್ ಕೊಡೋದು ಬೇರೆ, ಆಟಕ್ಕೆ ಸೇರಿಸ್ಕೊಳ್ಳೋದು ಬೇರೆ. ನಮ್ಮ ಹಾಸ್ಟೆಲಲ್ಲೂ ಕ್ಲಾಸಲ್ಲೂ ನಾವು ಮೊದಲನೇದು ಮಾಡಿ ಎರಡನೇದು ಮಾಡಿದ್ವಿ ಅಂದ್ಕೊಂಡಿದೀವಿ.

ಇದು ಬರೀ ಭಾವನೆಯ ಮಾತಲ್ಲ, ಸರ್ಕ್ಯೂಟಿನಲ್ಲೇ ಇದೆ. ಇಸಿಇ ಗೆಳೆಯರು ಕ್ಷಮಿಸಿ, ಸ್ವಲ್ಪ ನಿಮ್ಮ ಹೊಲಕ್ಕೆ ಇಳೀತೀನಿ.

ನಮ್ಮ ಮನೆಗಳಿಗೆ ಬಂದ ಆ ಡಬ್ಬಗಳೆಲ್ಲ ನಿಂಟೆಂಡೋ 1983ರಲ್ಲಿ ಜಪಾನಿನಲ್ಲಿ ತಂದ ಫ್ಯಾಮಿಕಾಮ್‌ನ ನಕಲುಗಳು. ಅದರ ರಿಮೋಟಿನೊಳಗೆ ಇರೋದು 4021 ಅನ್ನೋ ಒಂದು ಶಿಫ್ಟ್ ರಿಜಿಸ್ಟರ್, ಡಿಜಿಟಲ್ ಲ್ಯಾಬಿನಲ್ಲಿ ನಾವು ಕಟ್ಟೋ ಥರದ್ದೇ. ಎಂಟು ಬಟನ್, ಎಂಟು ಬಿಟ್. ಕನ್ಸೋಲು ಸೆಕೆಂಡಿಗೆ ಐವತ್ತು ಅರವತ್ತು ಸಲ 'ಲ್ಯಾಚ್' ಅಂತ ಒಂದು ಪಲ್ಸ್ ಕಳಿಸುತ್ತೆ. ಆ ಕ್ಷಣಕ್ಕೆ ಯಾವ ಬಟನ್ ಒತ್ತಿದೆ ಅನ್ನೋದು ಒಳಗೆ ಹಿಡಿದಿಟ್ಟುಕೊಳ್ಳುತ್ತೆ. ಆಮೇಲೆ ಕ್ಲಾಕ್ ಪಲ್ಸ್ ಒಂದೊಂದಕ್ಕೂ ಒಂದೊಂದು ಬಿಟ್ ಆಚೆ ಬರುತ್ತೆ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಇಷ್ಟೆಲ್ಲ ಮಾಹಿತಿ ಬರೋದು ಒಂದೇ ಡೇಟಾ ತಂತಿಯಲ್ಲಿ.

ಗಮನಿಸಿ: ರಿಮೋಟು ತಾನಾಗಿ ಏನೂ ಹೇಳಲ್ಲ. ಕನ್ಸೋಲು ಕೇಳಬೇಕು, ಆಗ ಹೇಳುತ್ತೆ. ಕೇಳಿದ್ದನ್ನ ಆಟದ ಪ್ರೋಗ್ರಾಮು ಬಳಸಬೇಕು.

ಇಬ್ಬರು ಸಾಲದು, ನಾಲ್ವರು ಆಡಬೇಕು ಅಂದಾಗ ನಿಂಟೆಂಡೋ 1990ರಲ್ಲಿ ಅಮೆರಿಕದಲ್ಲಿ 'ಫೋರ್ ಸ್ಕೋರ್' ಅಂತ ಒಂದು ಅಡಾಪ್ಟರ್ ಬಿಟ್ಟಿತು. ಎರಡು ಪೋರ್ಟಿಗೆ ಸಿಕ್ಕಿಸಿದ್ರೆ ನಾಲ್ಕು ಪೋರ್ಟು. ಅದು ಮಾಡಿದ ಕಿತಾಪತಿ ಎಷ್ಟು ಸರಳ ಅಂದ್ರೆ, ಮೊದಲ ಎಂಟು ಕ್ಲಾಕಿಗೆ ಮೊದಲನೆಯವನ ಬಟನ್, ಮುಂದಿನ ಎಂಟಕ್ಕೆ ಮೂರನೆಯವನದ್ದು. ಕೊನೆಯ ಎಂಟು ಬಿಟ್ ತಾನು ಅಡಾಪ್ಟರ್ ಅಂತ ಹೇಳಿಕೊಳ್ಳೋ ಗುರುತು. ಇನ್ನೊಂದು ಪೋರ್ಟಿನಲ್ಲಿ ಹಾಗೇ ಎರಡು, ನಾಲ್ಕು. ಮೂರನೆಯವನಿಗೆ ಅಂತ ಹೊಸ ತಂತಿ ಎಳೀಬೇಕಾಗಲಿಲ್ಲ. ಇನ್ನೊಂದು ಎಂಟು ಸಲ ಕೇಳಿದ್ರೆ ಸಾಕಿತ್ತು.

ಆದ್ರೆ ಹಳೇ ಆಟಗಳು ಎಂಟಕ್ಕೇ ಕೇಳೋದು ನಿಲ್ಲಿಸ್ತಿದ್ದವು. ಅಂಥ ಆಟ ಹಾಕಿದ್ರೆ ಮೂರನೆಯವನು ಎಷ್ಟು ಒತ್ತಿದ್ರೂ ಅಷ್ಟೇ. ಪೋರ್ಟಿದೆ, ತಂತಿ ಇದೆ, ಬಟನ್ ಒತ್ತಿದ್ದು ಚಿಪ್ಪಿನೊಳಗೆ ದಾಖಲಾಗಿ ಕೂತಿದೆ. ಕೇಳೋರಿಲ್ಲ. ನನ್ನ ತಮ್ಮನ ಸ್ಥಿತಿ ಅದೇ.

ಇನ್ನೊಂದು ವಿಷಯ. ಮೂಲ ಫ್ಯಾಮಿಕಾಮ್‌ನಲ್ಲಿ ಎರಡನೇ ರಿಮೋಟಿಗೆ ಸ್ಟಾರ್ಟ್ ಬಟನ್ನೇ ಇರಲಿಲ್ಲ, ಸೆಲೆಕ್ಟೂ ಇಲ್ಲ. ಅದರ ಬದಲು ಒಂದು ಪುಟ್ಟ ಮೈಕ್ ಇತ್ತು. ನಮ್ಮನೆಯದ್ದರಲ್ಲೂ ಎರಡನೇದಕ್ಕೆ ಸ್ಟಾರ್ಟ್ ಇರಲಿಲ್ಲ, ಮೈಕಂತೂ ಕೇಳಲೇಬೇಡಿ. ಅಂದ್ರೆ ಎರಡನೆಯವನು ಆಟ ಶುರು ಮಾಡೋಹಾಗಿಲ್ಲ, ನಿಲ್ಲಿಸೋಹಾಗೂ ಇಲ್ಲ. ನೀರು ಕುಡೀಬೇಕು ಅಂದ್ರೂ ಮೊದಲನೆಯವನನ್ನ ಕೇಳಬೇಕು.

ತಮಾಷೆ ಏನಂದ್ರೆ ಈ ಯಂತ್ರಗಳು ಹುಟ್ಟಿದ್ದೇ ಜೊತೆಗಾರರಿಗಾಗಿ. 1972ರಲ್ಲಿ ಬಂದ ಮ್ಯಾಗ್ನಾವಾಕ್ಸ್ ಒಡಿಸ್ಸಿ ಮನೆಬಳಕೆಯ ಮೊದಲ ಕನ್ಸೋಲು. ಅದರ ಎದುರಾಳಿ ಆಗಿ ಆಡೋ ಕಂಪ್ಯೂಟರ್ ಅನ್ನೋದೇ ಇರಲಿಲ್ಲ. ಎದುರಿಗೆ ಇನ್ನೊಬ್ಬರು ಕೂತರೇನೇ ಟೆನಿಸ್. ಅದೇ ವರ್ಷ ಬಂದ ಪಾಂಗ್ ಕೂಡ ಇಬ್ಬರದ್ದು. ಅದಕ್ಕೂ ಮುಂಚೆ ನಮ್ಮ ಅಜ್ಜಿ ಮನೆ ಜಗಲಿಯಲ್ಲಿ ಚೌಕಾಬಾರ ಇತ್ತು. ಸೀಮೆಸುಣ್ಣದಲ್ಲಿ ಐದೈದರ ಮನೆ ಬರೆದು, ನಾಲ್ಕು ಕಡೆ ನಾಲ್ಕು ಜನ ಕೂತು, ಕವಡೆ ಇಲ್ಲದಿದ್ರೆ ಹುಣಸೆ ಬೀಜ ತೇಯ್ದು ಆಡೋದು. ಅಲ್ಲಿ ಕವಡೆ ಒಂದೇ ಜೊತೆ, ಆದ್ರೆ ಸುತ್ತು ಬರುತ್ತೆ. ಯಾರ ಸರದಿಯೂ ತಪ್ಪೋಹಾಗಿಲ್ಲ, ಎಲ್ಲರ ಕೈಗೂ ಬರಲೇಬೇಕು.

ಈಗ ಹಾಸ್ಟೆಲಿಗೆ ಬನ್ನಿ.

ರಾತ್ರಿ ಒಂಬತ್ತೂವರೆ. ಒಂದು ರೂಮಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಇದೆ, ಅಥವಾ ಯಾರೋ ಮನೆಯಿಂದ ಪಿಎಸ್4 ತಂದಿದಾರೆ. ಕಂಟ್ರೋಲರ್ ಒಂದು, ಹೆಚ್ಚಂದ್ರೆ ಎರಡು. ಮಂಚದ ಮೇಲೆ ಎಂಟು ಜನ. ಯಂತ್ರ ಯಾರದ್ದೋ ಅವರ ಕೈಲಿ ಒಂದು, ಅವರ ಖಾಸಾ ದೋಸ್ತ್ ಕೈಲಿ ಇನ್ನೊಂದು. ಉಳಿದ ಆರು ಜನ ನೋಡೋರು. ಅವರಲ್ಲಿ ಇಬ್ಬರು ಹದಿನೈದು ನಿಮಿಷಕ್ಕೆ ಫೋನ್ ತೆಗೀತಾರೆ. ಒಬ್ಬ ಎದ್ದು ಹೋಗ್ತಾನೆ, ನಾಳೆ ಬರಲ್ಲ. ಅವನು ಯಾಕೆ ಬರಲ್ಲ ಅಂತ ಯಾರೂ ಕೇಳಲ್ಲ.

"ಈಗ ಎಲ್ಲಾ ಆನ್‌ಲೈನ್ ಕಣೋ, ಅವರವರ ಫೋನಲ್ಲಿ ನಾಲ್ಕು ಜನ ಸ್ಕ್ವಾಡ್ ಆಡಬಹುದು, ನಿನ್ನ ರಿಮೋಟು ಯಾರಿಗೆ ಬೇಕು?" ಅಂತ ನನ್ನ ರೂಮ್‌ಮೇಟೇ ಕೇಳಿದ. ನ್ಯಾಯವಾದ ಪ್ರಶ್ನೆ. ಊರಲ್ಲಿರೋ ಗೆಳೆಯನ ಜೊತೆ ಆಡೋಕೆ ಆನ್‌ಲೈನ್‌ಗಿಂತ ಒಳ್ಳೇದು ಇಲ್ಲ, ಒಪ್ಪಿದೆ. ಆದ್ರೆ ಸ್ಕ್ವಾಡಿಗೆ ಕರೆಯೋದು ಆಡೋಕೆ ಬರೋರನ್ನ ಮಾತ್ರ. ಬರದವನು ಬಂದ್ರೆ ರ‍್ಯಾಂಕ್ ಇಳಿಯುತ್ತೆ. ಒಂದೇ ಪರದೆ ಮುಂದೆ ಕೂತಾಗ ಹಾಗಾಗಲ್ಲ. ಬರದವನು ಗೋಡೆಗೆ ಕಾರು ಗುದ್ದಿದ್ರೆ ಎಲ್ಲರೂ ನಗ್ತಾರೆ, ಅವನೂ ನಗ್ತಾನೆ, ಪಕ್ಕದವನು ಅವನ ಹೆಬ್ಬೆರಳು ಹಿಡಿದು "ಇದು ಬ್ರೇಕು" ಅಂತ ತೋರಿಸ್ತಾನೆ. ಫೋನಿನಲ್ಲಿ ಇನ್ನೊಬ್ಬರ ಹೆಬ್ಬೆರಳು ಹಿಡಿಯೋಕೆ ಆಗಲ್ಲ.

ಹಳೇ ಕಾಂಟ್ರಾ ಆಡಿದೋರಿಗೆ ಮೂರನೇ ಹಂತದ ಜಲಪಾತ ನೆನಪಿರಬಹುದು. ಇಬ್ಬರೂ ಮೇಲಕ್ಕೆ ಹಾರ್ತಾ ಹೋಗಬೇಕು. ಒಬ್ಬ ಬೇಗ ಹತ್ತಿಬಿಟ್ರೆ ಪರದೆ ಅವನ ಜೊತೆ ಮೇಲೆ ಹೋಗುತ್ತೆ, ಕೆಳಗಿದ್ದವನು ಪರದೆಯಿಂದ ಜಾರಿ ಸಾಯ್ತಾನೆ. ಶತ್ರು ಹೊಡೆದು ಸಾಯೋದಲ್ಲ, ಜೊತೆಗಾರ ಕಾಯದೆ ಸಾಯೋದು. ಆಡೋಕೆ ಬರೋನು ನಿಂತು ಕಾಯೋದನ್ನ ಕಲೀಲೇಬೇಕು. ಅದನ್ನ ಕಲಿಸಿದ ಆಟ ನನಗೆ ಅದೊಂದೇ.

ಹೆಚ್ಚು ಕಂಟ್ರೋಲರ್ ಜೋಡಿಸೋದು ಕಷ್ಟವೂ ಅಲ್ಲ. ಗೊತ್ತಿಲ್ಲದೆ ಎಷ್ಟೋ ಜನ "ಎರಡೇ ಆಗೋದು" ಅಂದ್ಕೊಂಡಿದಾರೆ. ಪಿಎಸ್4ಗೆ ನಾಲ್ಕು ಕಂಟ್ರೋಲರ್ ಸೇರುತ್ತೆ. ಹೊಸದನ್ನ ಮೊದಲ ಸಲ ಯುಎಸ್‌ಬಿ ವೈರಲ್ಲಿ ಕನ್ಸೋಲಿಗೆ ಚುಚ್ಚಿ ಪಿಎಸ್ ಬಟನ್ ಒತ್ತಿದ್ರೆ ಮುಗೀತು, ಆಮೇಲೆ ವೈರ್ ಬೇಡ. ಲೈಟ್ ಬಾರ್ ನೋಡಿದ್ರೆ ಯಾರು ಎಷ್ಟನೆಯವರು ತಿಳಿಯುತ್ತೆ: ನೀಲಿ, ಕೆಂಪು, ಹಸಿರು, ಗುಲಾಬಿ. ಯಾರು ಆಡ್ತಿರೋದು ಅಂತ ಕೇಳಿದಾಗ ಅತಿಥಿಯಾಗಿ ಒಳಗೆ ಬರಬಹುದು, ಹೊಸ ಅಕೌಂಟ್ ಬೇಕಿಲ್ಲ. ಅದೇ ಕಂಟ್ರೋಲರನ್ನ ಲ್ಯಾಪ್‌ಟಾಪಿಗೆ ಬ್ಲೂಟೂತಲ್ಲಿ ಸೇರಿಸಬೇಕಾದ್ರೆ ಶೇರ್ ಮತ್ತು ಪಿಎಸ್ ಬಟನ್ ಎರಡನ್ನೂ ಒಟ್ಟಿಗೆ, ಲೈಟು ಪಟಪಟ ಮಿನುಗೋವರೆಗೂ ಹಿಡಿದಿರಬೇಕು.

ಪಿಎಸ್3ಗೆ ಏಳು ಸೇರ್ತಿತ್ತು. ಏಳೇ ಯಾಕೆ ಅಂತ ಕೇಳಿದ್ರೆ ಬ್ಲೂಟೂತ್ ಪಾಠ ತೆಗೀರಿ. ಒಂದು ಪಿಕೊನೆಟ್ಟಿನಲ್ಲಿ ಸದಸ್ಯರಿಗೆ ಕೊಡೋ ವಿಳಾಸ ಮೂರು ಬಿಟ್ಟಿನದ್ದು. ಸೊನ್ನೆ ಎಲ್ಲರಿಗೂ ಒಟ್ಟಿಗೆ ಹೇಳೋಕೆ ಮೀಸಲು. ಉಳಿದದ್ದು ಏಳು. ನಿಂಟೆಂಡೋ ಸ್ವಿಚ್ 2017ರಲ್ಲಿ ಬಂದಾಗ ಇನ್ನೂ ಚೆಂದದ ಕೆಲಸ ಮಾಡಿತು. ಡಬ್ಬದಲ್ಲಿ ಬರೋ ಒಂದು ಜೊತೆ ಜಾಯ್-ಕಾನ್ ಬಿಡಿಸಿ, ಅಡ್ಡ ಹಿಡಿದ್ರೆ ಇಬ್ಬರಿಗೆ ಎರಡು ಕಂಟ್ರೋಲರ್. ಅನಿರೀಕ್ಷಿತವಾಗಿ ನೆಂಟ ಬಂದಾಗ ಮುದ್ದೆ ಮುರಿದು ಇನ್ನೊಂದು ತಟ್ಟೆಗೆ ಹಾಕಿದ ಹಾಗೆ.

ವಿಂಡೋಸ್ ಲ್ಯಾಪ್‌ಟಾಪಾದ್ರೆ ಎಕ್ಸ್‌ಇನ್‌ಪುಟ್ ಬಳಸೋ ಆಟಗಳಿಗೆ ಮಿತಿ ನಾಲ್ಕು. ಎರಡು ಕಂಟ್ರೋಲರ್, ಒಂದು ಯುಎಸ್‌ಬಿ ಹಬ್, ಕಾಮನ್ ರೂಮಿನ ಟಿವಿಗೆ ಒಂದು ಎಚ್‌ಡಿಎಂಐ ಕೇಬಲ್. ಶುರು ಮಾಡೋಕೆ ಇಷ್ಟು ಸಾಕು. ದುಡ್ಡಿಲ್ಲ ಅಂತ ಒಂದೇ ಕೀಬೋರ್ಡಲ್ಲಿ ಇಬ್ಬರು ಆಡೋಕೆ ಹೋಗ್ಬೇಡಿ, ನಾವು ಹೋಗಿ ಜಗಳ ಆಡಿದ್ವಿ. ಅಗ್ಗದ ಕೀಬೋರ್ಡಿನೊಳಗೆ ಕೀಗಳೆಲ್ಲ ಅಡ್ಡ ಉದ್ದ ಸಾಲಿನ ಮ್ಯಾಟ್ರಿಕ್ಸ್. ಒಬ್ಬ ಎರಡು ಮೂರು ಕೀ ಒಟ್ಟಿಗೆ ಹಿಡಿದ್ರೆ ಇನ್ನೊಬ್ಬ ಒತ್ತಿದ್ದು ಕಂಪ್ಯೂಟರಿಗೆ ತಲುಪೋದೇ ಇಲ್ಲ. ನೀನೇ ಮೋಸ ಮಾಡ್ದೆ ಅಂತ ಒಂದು ವಾರ ಮಾತು ಬಿಟ್ಟಿದ್ದರು ಇಬ್ಬರು, ತಪ್ಪು ಕೀಬೋರ್ಡಿನದ್ದು.

ಒಂದು ಎಚ್ಚರ. ಕಂಟ್ರೋಲರ್ ಕೊಳ್ಳೋ ಮುಂಚೆ ಆಟ ಎಷ್ಟು ಜನರನ್ನ ಕೇಳುತ್ತೆ ಅಂತ ನೋಡಿ. ಮಲ್ಟಿಪ್ಲೇಯರ್ ಅಂತ ಬರೆದಿದ್ದೆಲ್ಲ ಒಂದೇ ಟಿವಿಯಲ್ಲಿ ಆಡೋದಲ್ಲ. ಸ್ಪ್ಲಿಟ್ ಸ್ಕ್ರೀನಿಗೇ ಹೆಸರಾಗಿದ್ದ ಹೇಲೋ ಸರಣಿಯ ಐದನೇ ಆಟ 2015ರಲ್ಲಿ ಬಂದಾಗ ಸ್ಪ್ಲಿಟ್ ಸ್ಕ್ರೀನೇ ಇರಲಿಲ್ಲ. ಅಭಿಮಾನಿಗಳು ಬೈದದ್ದು ಅಷ್ಟಿಷ್ಟಲ್ಲ. ಇನ್ನೊಂದು ಕಡೆ 2021ರ ಇಟ್ ಟೇಕ್ಸ್ ಟೂ ಒಬ್ಬರೇ ಆಡೋಕೆ ಸಾಧ್ಯವೇ ಇಲ್ಲದ ಆಟ, ಅದೇ ಆ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅನ್ನಿಸಿಕೊಂಡಿತು. ಓವರ್‌ಕುಕ್ಡ್ ಹಾಕಿದ್ರೆ ನಾಲ್ಕು ಜನ ಒಂದು ಅಡುಗೆಮನೆಯಲ್ಲಿ ಕಿರುಚಾಡಬಹುದು. ಮೆಸ್ಸಿನ ಭಟ್ಟರ ಮೇಲೆ ಗೌರವ ಬರುತ್ತೆ.

ಮತ್ತೆ ನನ್ನ ತಮ್ಮನ ಕತೆಗೆ ಬರ್ತೀನಿ.

ಹೋದ ಯುಗಾದಿಗೆ ನಾಗಮಂಗಲಕ್ಕೆ ಹೋಗಿದ್ದೆ. ಅವನು ಈಗ ಪಿಯುಸಿ, ನನಗಿಂತ ಒಂದು ಗೇಣು ಎತ್ತರ. ಗೆಳೆಯನ ಹತ್ತಿರ ಎರಡು ಕಂಟ್ರೋಲರ್ ಇಸ್ಕೊಂಡು ಹೋಗಿದ್ದೆ. ಹೋಳಿಗೆ ತಿಂದು ಮಧ್ಯಾಹ್ನ ಆಡ್ತಾ ಕೂತಾಗ, ನಗಿಸೋಣ ಅಂತ ಆ ಹಳದಿ ಕಾರಿನ ಗುಟ್ಟು ಹೇಳಿದೆ.

ಅವನು ಪರದೆಯಿಂದ ಕಣ್ಣು ತೆಗೀಲಿಲ್ಲ. "ಗೊತ್ತಿತ್ತು ಬುಡಣ್ಣ" ಅಂದ.

"ಯಾವಾಗ ಗೊತ್ತಾಯ್ತು?"

"ಮೊದಲ್ನೇ ವರ್ಷನೇ. ಬಲಕ್ಕೆ ಒತ್ತುದ್ರೂ ಅದು ನೆಟ್ಟಗೇ ಹೋಗೋದು. ಒಂದಿನ ಒತ್ತದೇ ಸುಮ್ನೆ ಕೂತ್ಕಂಡು ನೋಡ್ದೆ, ಆಗಲೂ ಹೋಯ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳುದ್ರೆ ನೀನು ಪಕ್ಕದಲ್ಲಿ ಕೂರಾಕೂ ಬುಡ್ತಿರ್ಲಿಲ್ಲ."

ಅಷ್ಟು ಹೇಳಿ ಅವನು ನನ್ನನ್ನ ಆ ಆಟದಲ್ಲಿ ಸೋಲಿಸಿದ. ನಾನು ಸರಿಯಾಗಿ ಆಡಲಿಲ್ಲ ಅಂತ ಹೇಳಿಕೊಳ್ಳಬಹುದು. ಬೇಡ.

ಈ ಮಾತು ಕೇಳಿದ ಮೇಲೆ ನೆನಪಾದದ್ದು ನಮ್ಮ ಮಿನಿ ಪ್ರಾಜೆಕ್ಟು. ನಾಲ್ಕು ಜನರ ಬ್ಯಾಚ್. ನಾನು, ಇನ್ನೊಬ್ಬಳು ಸೇರಿ ಕೋಡ್ ಬರೆದ್ವಿ, ಮೂರನೆಯವನು ಪಿಪಿಟಿ ಮಾಡಿದ. ನಾಲ್ಕನೆಯವನು ಡಿಪ್ಲೊಮಾದಿಂದ ಲ್ಯಾಟರಲ್ ಎಂಟ್ರಿಯಲ್ಲಿ ಬಂದವನು, ಕನ್ನಡ ಮೀಡಿಯಂ, ಮಾತು ಕಡಿಮೆ. ಅವನಿಗೆ ರಿಪೋರ್ಟ್ ಪ್ರಿಂಟು, ಸ್ಪೈರಲ್ ಬೈಂಡಿಂಗು. ವಾಟ್ಸಾಪ್ ಗ್ರೂಪಲ್ಲಿ ಅವನಿದ್ದ, ಮುಖಪುಟದಲ್ಲಿ ಅವನ ಹೆಸರಿತ್ತು. ವೈವಾದಲ್ಲಿ ಸೆನ್ಸರ್ ಯಾವ ಪಿನ್ನಿಗೆ ಕೊಟ್ಟಿದೀರಿ ಅಂತ ಅವನನ್ನೇ ಕೇಳಿದರು. ಅವನು ಬೋರ್ಡ್ ನೋಡ್ತಾ ನಿಂತ. ಮಾರ್ಕ್ಸ್ ಕಡಿಮೆ ಬಂತು. ಆಚೆ ಬಂದ ಮೇಲೆ ನಾವು "ಅವನಿಗೆ ಇಂಟ್ರೆಸ್ಟೇ ಇಲ್ಲ" ಅಂದ್ವಿ. ಡಿಪ್ಲೊಮಾದಲ್ಲಿ ಮೂರು ವರ್ಷ ಕೈಯಾರೆ ಬೆಸುಗೆ ಹಾಕಿ ಬಂದ ಹುಡುಗ ಅವನು. ನಮ್ಮ ಬ್ರೆಡ್‌ಬೋರ್ಡನ್ನ ಒಂದು ದಿನವೂ ಅವನ ಕೈಗೆ ಕೊಟ್ಟಿರಲಿಲ್ಲ. ಹಳದಿ ಕಾರು ಕೊಟ್ಟಿದ್ವಿ.

ಅವನೂ ಯಾಕೆ ಸುಮ್ಮನಿದ್ದ ಅಂತ ಈಗ ಅರ್ಥ ಆಗುತ್ತೆ. ಕೇಳಿದ್ರೆ ಬ್ಯಾಚಲ್ಲಿ ಕೂರೋಕೂ ಜಾಗ ಇರಲ್ವೇನೋ ಅನ್ನೋ ಭಯ. ಲೆಕ್ಕಕ್ಕಿಲ್ಲದವರು ತಮಗೆ ಗೊತ್ತಿಲ್ಲ ಅಂತ ಸುಮ್ಮನಿರಲ್ಲ. ಚೆನ್ನಾಗಿ ಗೊತ್ತಿದ್ದೇ ಸುಮ್ಮನಿರ್ತಾರೆ. ಹಾಗಾಗಿ "ಅವನೇನೂ ಕಂಪ್ಲೇಂಟ್ ಮಾಡ್ಲಿಲ್ವಲ್ಲ" ಅನ್ನೋದು ಸಮಜಾಯಿಷಿ ಅಲ್ಲ. ರಿಮೋಟು ತಾನಾಗಿ ಮಾತಾಡಲ್ಲ ಅಂತ ಆಗಲೇ ಹೇಳಿದೆನಲ್ಲ. ಕನ್ಸೋಲು ಕೇಳಬೇಕು.

ಬರೀ ಪಶ್ಚಾತ್ತಾಪ ಬರೆದು ನಿಮ್ಮ ಟೈಮ್ ತಿನ್ನೋದು ಬೇಡ. ನನ್ನದೊಂದಿಷ್ಟು ಬೇಡಿಕೆ ಇದೆ.

ನವೆಂಬರಿನಲ್ಲಿ ನಮ್ಮ ಸಂಘ ರಾಜ್ಯೋತ್ಸವ ಮಾಡುತ್ತೆ. ಈ ಸಲ ಹಗ್ಗಜಗ್ಗಾಟ, ರಂಗೋಲಿ ಜೊತೆ ಒಂದು ಟಿವಿ, ನಾಲ್ಕು ಕಂಟ್ರೋಲರ್ ಇಡೋಣ. ಕಂಟ್ರೋಲರ್ ಇರೋರು ಒಂದು ದಿನದ ಮಟ್ಟಿಗೆ ಕೊಡಿ, ಮೇಲೆ ಹೆಸರು ಬರೆದ ಟೇಪ್ ಹಚ್ಚಿ ಜೋಪಾನವಾಗಿ ವಾಪಸ್ ಕೊಡೋ ಜವಾಬ್ದಾರಿ ನಂದು. ಪಕ್ಕದಲ್ಲೇ ಒಂದು ಚೌಕಾಬಾರದ ಮನೆ ಬರೆಯೋಣ. ನಿಯಮ ಮೂರೇ. ಇದುವರೆಗೂ ಆಡದವರಿಗೆ ಮೊದಲ ಕಂಟ್ರೋಲರ್, ಆಟ ಶುರು ಮಾಡೋರು ಅವರೇ. ಗೆದ್ದವರು ಎದ್ದು ಜಾಗ ಬಿಡಬೇಕು, ಸೋತವರು ಇನ್ನೊಂದು ಆಟ ಕೂರಬಹುದು, ಕಲೀಬೇಕಾದವರು ಅವರು ತಾನೇ. ಮೂರನೇದು, ಈ ಸುದ್ದಿ ಹುಡುಗರ ಹಾಸ್ಟೆಲ್ ಗ್ರೂಪಿಗೆ ಹೋದ ನಿಮಿಷವೇ ಹುಡುಗಿಯರ ಹಾಸ್ಟೆಲ್ ಗ್ರೂಪಿಗೂ ಹೋಗಬೇಕು. ನಮ್ಮಕ್ಕ ಬಾಗಿಲಲ್ಲಿ ನಿಂತದ್ದು ಸಾಕು.

ಮತ್ತೆ, ಮುಂದಿನ ಸೆಮಿಸ್ಟರಿಗೆ ಬ್ಯಾಚ್ ಮಾಡೋವಾಗ ನಾಲ್ಕನೇ ಹೆಸರು ಬರೆದು ಸುಮ್ಮನಾಗಬೇಡಿ. ವಾರಕ್ಕೊಂದು ಸಲ ಬೋರ್ಡನ್ನ ಅವರ ಕೈಗೆ ಕೊಟ್ಟು "ನೀನು ಹೇಳು, ಮುಂದೇನು?" ಅಂತ ಕೇಳಿ. ಎರಡು ನಿಮಿಷ ಜಾಸ್ತಿ ಹಿಡಿಯುತ್ತೆ. ಹಿಡೀಲಿ.

ನನ್ನ ಬ್ಯಾಚಿನ ಆ ಹುಡುಗನಿಗೆ ಈ ಲೇಖನ ಕಳಿಸೋ ಮುಂಚೆ ತೋರಿಸಿದೆ. ಓದಿ, ಬೆಸುಗೆಯ ಮಾತು ಇರ್ಲಿ, ಹೆಸರು ಮಾತ್ರ ಬೇಡ ಅಂದ. ಮೇಜರ್ ಪ್ರಾಜೆಕ್ಟಿಗೆ ಮತ್ತೆ ಒಂದೇ ಬ್ಯಾಚ್ ಆಗೋಣ್ವಾ ಅಂತ ಕೇಳಿದೆ.

"ಬೋರ್ಡ್ ನಂಗೆ ಕೊಡೋದಾದ್ರೆ" ಅಂದ.

ಕೊಡ್ತೀನಿ ಅಂದಿದೀನಿ. ಎಲ್ಲರೂ ಓದೋ ಹಾಗೆ ಇಲ್ಲಿ ಬರೆದಿಟ್ಟಿದೀನಿ, ತಪ್ಪಿಸಿಕೊಳ್ಳೋಕೆ ಆಗದೆ ಇರ್ಲಿ ಅಂತ.